ಇತ್ಯಾದಿಯೊಳಗೆ ಸಿಕ್ಕಿಬಿದ್ದ ಹೊಂಗೆಮರ

ಮೂವತ್ತೊಂದು ವರ್ಷದ ಸರ್ಕಾರಿ ಸೇವೆಯಲ್ಲಿ ನಾನು ನನ್ನ ಕಡತಗಳೊಳಕ್ಕೆ ಬಿಟ್ಟುಕೊಳ್ಳದ ಪದ ಒಂದೇ ಒಂದು: ಇತ್ಯಾದಿ. ಗುಮಾಸ್ತರು ಬರೆದು ತಂದ ಕರಡಿನಲ್ಲಿ ಅದು ಕಂಡರೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಪಕ್ಕದಲ್ಲಿ ‘ಯಾವುವು?’ ಎಂದು ಬರೆದು ಹಿಂದಿರುಗಿಸುತ್ತಿದ್ದೆ. ಗೊತ್ತಿದ್ದರೆ ಬರೆಯಲಿ, ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರೆಯಲಿ. ಎರಡೂ ಆಗದ ಸೋಮಾರಿಗಳಿಗೆ ಮಾತ್ರ ಇತ್ಯಾದಿ ಬೇಕಾಗುತ್ತದೆ ಎಂಬುದು ನನ್ನ ನಿಲುವಾಗಿತ್ತು. ಇದರಿಂದಾಗಿ ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ‘ಯಾವುವು ಸಾಹೇಬರು’ ಎಂಬ ಹೆಸರು ಓಡಾಡುತ್ತಿತ್ತು. ಅದನ್ನು ಮೊದಲು ಇಟ್ಟವನು ಯಾರೆಂಬುದು ನನಗೆ ಗೊತ್ತು. ಅವನ ಬೀಳ್ಕೊಡುಗೆ ಸಮಾರಂಭಕ್ಕೆ ನಾನು ಹೋಗಲಿಲ್ಲ.

ಅಂಥ ನಾನು ನಿವೃತ್ತನಾದ ನಾಲ್ಕನೆಯ ವರ್ಷದಲ್ಲಿ ಆ ಪದವನ್ನು ಒಮ್ಮೆ ಬಳಸಿದೆ. ಒಮ್ಮೆ ಮಾತ್ರ. ಅದರ ಪರಿಣಾಮವಾಗಿ ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಹೊಂಗೆಮರದ ಬುಡಕ್ಕೆ ಮೂರು ಜನ ಗರಗಸ, ಹಗ್ಗ ಹಿಡಿದು ಬಂದು ನಿಂತರು.

ಮೆಟ್ರೋ ರೈಲು ಇನ್ನೂ ದಿನಪತ್ರಿಕೆಗಳಲ್ಲಿ ಮಾತ್ರ ಓಡುತ್ತಿದ್ದ ಕಾಲ ಅದು. ನಮ್ಮ ರಸ್ತೆಯಲ್ಲಿ ಮನೆಗೊಂದು ಸ್ಕೂಟರ್ ಇದ್ದು, ಅಲ್ಲೊಂದು ಇಲ್ಲೊಂದು ಕಾರು ಬರತೊಡಗಿತ್ತು. ಮನೆ ಕಟ್ಟಿಸಿದ ವರ್ಷ ರಸ್ತೆ ಬದಿಯ ಕಾಲುದಾರಿಯ ಮೇಲೆ, ನಮ್ಮ ಗೇಟಿಗೂ ಪಕ್ಕದ ಮನೆಯ ಗೇಟಿಗೂ ನಡುವೆ, ಮೊಣಕಾಲೆತ್ತರದ ಹೊಂಗೆ ಸಸಿಯೊಂದನ್ನು ನಾನು ನೆಟ್ಟಿದ್ದೆ. ಅದು ಬೆಳೆದು ಎರಡು ಮುಖ್ಯ ಕೊಂಬೆಗಳಾಗಿ ಕವಲೊಡೆದು, ಒಂದು ನಮ್ಮ ವರಾಂಡದ ಮೇಲೂ ಇನ್ನೊಂದು ಪಕ್ಕದವರ ಗೇಟಿನ ಮೇಲೂ ಚಾಚಿಕೊಂಡಿತು. ಬುಡಕ್ಕೆ ನಾನೇ ಮೇಸ್ತ್ರಿಯನ್ನು ಕರೆಸಿ ದುಂಡನೆಯ ಕಲ್ಲುಕಟ್ಟೆ ಕಟ್ಟಿಸಿದೆ. ಬಡಾವಣೆಯ ಉದ್ಯಾನದಲ್ಲಿ ಪರಿಸರದ ಕುರಿತು ಯಾರಾದರೂ ಭಾಷಣ ಮಾಡಿದಾಗಲೆಲ್ಲ ನಾನು ಎದ್ದುನಿಂತು, ‘ನಾನು ನೆಟ್ಟ ಮರವೊಂದಿದೆ’ ಎಂದು ಪ್ರಾರಂಭಿಸುತ್ತಿದ್ದೆ. ಆ ವಾಕ್ಯದಲ್ಲಿ ನನಗೆ ಹೆಚ್ಚು ಪ್ರಿಯವಾಗಿದ್ದ ಪದ ಮರವಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬಲ್ಲೆ.

ಪಕ್ಕದ ಮನೆಯವನು ಈ ಬಡಾವಣೆ ಏಳುವ ಮೊದಲು ಇಲ್ಲಿದ್ದ ಹಳ್ಳಿಯ ಮನೆತನದವನು. ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಅರ್ಜಿ ಹಾಕಿ, ಹನ್ನೊಂದು ವರ್ಷ ಕಾದು ಪಡೆದ ನಿವೇಶನವು ಅವನ ಮಟ್ಟಿಗೆ ‘ನಮ್ಮಪ್ಪನ ರಾಗಿ ಹೊಲದ ಮೂಡಲ ಬದು’. ಈ ಮಾತನ್ನು ಅವನು ನನ್ನೆದುರಿಗೆ ಏಳು ಸಲ ಹೇಳಿದ್ದಾನೆ. ಅವನ ಗೃಹಪ್ರವೇಶಕ್ಕೆ ಹೋದಾಗ ನನ್ನನ್ನು ಮೂರನೆಯ ಪಂಕ್ತಿಯಲ್ಲಿ ಕೂರಿಸಿದರು. ಅಷ್ಟರಲ್ಲಿ ಹೋಳಿಗೆ ಮುಗಿದು ಹೋಳಿಗೆ ಸಾರು ಮಾತ್ರ ಉಳಿದಿತ್ತು. ಹೊಂಗೆ ಎಲೆ ಉದುರುವ ಕಾಲದಲ್ಲಿ ನಾನು ದಿನಕ್ಕೆರಡು ಬಾರಿ ಮನೆಯ ಮುಂದೆ ಗುಡಿಸುವುದನ್ನು ನೋಡಿ ಅವನು ನನಗೆ ‘ಎಲೆ ಸಾರ್’ ಎಂದು ಹೆಸರಿಟ್ಟ. ಎಲೆ ಉದುರಿದಾಗ ಅದು ‘ನಿಮ್ಮ ಮರ’. ಬೇಸಿಗೆಯಲ್ಲಿ ನೆಂಟರು ಬಂದು ನೆರಳಿನಲ್ಲಿ ಕುರ್ಚಿ ಹಾಕಿಕೊಂಡಾಗ ‘ನಮ್ಮ ಮರ’. ಕನ್ನಡದ ಸರ್ವನಾಮಗಳನ್ನು ಇಷ್ಟು ಲಾಭದಾಯಕವಾಗಿ ಬಳಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಅವನ ತಾಯಿಯೂ ಇದ್ದರು. ಆಗಲೇ ಎಂಬತ್ತರ ಹತ್ತಿರ. ಹಳೆಯ ಮನೆಯಿಂದ ತಂದ ಒರಳುಕಲ್ಲೊಂದನ್ನು ಕಾಲುದಾರಿಯಲ್ಲಿ, ಮರದ ಆ ಬದಿಗೆ ಬೋರಲು ಹಾಕಿಸಿಕೊಂಡು, ಬೆಳಗ್ಗೆ ಒಂಬತ್ತರಿಂದ ಊಟದ ಹೊತ್ತಿನವರೆಗೆ ಅದರ ಮೇಲೆ ಕೂತಿರುತ್ತಿದ್ದರು. ನಮ್ಮ ಮನೆಗೆ ಯಾರು ಬಂದರು, ಕೈಯಲ್ಲಿ ಏನು ತಂದರು, ಎಷ್ಟು ಹೊತ್ತಿಗೆ ಹೋದರು ಎಂಬ ವಿವರ ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ನಾನು ಮೂರು ವರ್ಷ ಬೇರೆ ಜಿಲ್ಲೆಗೆ ವರ್ಗವಾಗಿ ಮನೆಗೆ ಬೀಗ ಹಾಕಿದ್ದಾಗ ಸಸಿಗೆ ನೀರೆರೆದವರು ತಾವು ಎಂದು ಆಗಾಗ ಜ್ಞಾಪಿಸುತ್ತಿದ್ದರು.

“ಮುಸುರೆ ನೀರು ಕಣ್ ಸಾಮಿ. ಪಾತ್ರೆ ತೊಳ್ದಿದ್ದು, ಅಕ್ಕಿ ತೊಳ್ದಿದ್ದು. ನಿನ್ ಗಿಡ ನನ್ ಮನೆ ಎಂಜಲು ತಿಂದು ಬೆಳ್ದದೆ.”

ಕೃತಜ್ಞತೆಯನ್ನು ಇದಕ್ಕಿಂತ ಕಹಿಯಾಗಿ ಬೇಡಿದವರನ್ನೂ ನಾನು ಕಂಡಿಲ್ಲ.

ಜಗಳಕ್ಕೆ ಕಾರಣ ಕಾರು. ಅವನು ಬಿಳಿಯ ಕಾರೊಂದನ್ನು ಕೊಂಡು, ಅದು ಮನೆಯೊಳಕ್ಕೆ ಹತ್ತಲೆಂದು ಕಾಲುದಾರಿಯ ಅಡ್ಡಕ್ಕೆ ಕಾಂಕ್ರೀಟಿನ ಇಳಿಜಾರು ಹಾಕಿಸಿದ. ರಸ್ತೆಯಲ್ಲಿ ಎಲ್ಲರೂ ಅದನ್ನು ರ‍್ಯಾಂಪು ಎನ್ನುತ್ತಿದ್ದರು. ಮಳೆ ಬಂದರೆ ಅದರ ಮೇಲಿನ ನೀರೆಲ್ಲ ಶಿಸ್ತಾಗಿ ನಮ್ಮ ಗೇಟಿನೊಳಕ್ಕೆ ಬರುತ್ತಿತ್ತು. ನಾನು ಮೂರು ಬಾರಿ ಸೌಜನ್ಯದಿಂದ ಹೇಳಿದೆ. ಮೂರು ಬಾರಿಯೂ ಅವನು, “ಮಾಡ್ಸಣ ಬಿಡಿ ಸಾರ್,” ಎಂದ. ನಾಲ್ಕನೆಯದು ಮಾತಿನಲ್ಲಿ ಆಗಲಿಲ್ಲ. ಒಂದು ಬೆಳಗ್ಗೆ ಹಾಲು ತರುತ್ತಿದ್ದ ನಾನು ಆ ರ‍್ಯಾಂಪಿನ ಅಂಚಿಗೆ ಎಡವಿ ಬಿದ್ದೆ. ಎರಡು ಪ್ಯಾಕೆಟ್ಟುಗಳಲ್ಲಿ ಒಂದು ಒಡೆದು ಹಾಲು ಅವನ ಕಾರಿನ ಚಕ್ರದವರೆಗೆ ಹರಿಯಿತು. ಕಾರು ಒರೆಸುತ್ತಿದ್ದ ಅವನು ಬಟ್ಟೆಯನ್ನು ಕೈಯಿಂದ ಇಳಿಸದೆಯೇ ಹೇಳಿದ:

“ನೋಡ್ಕಂಡ್ ನಡೀರಿ ಸಾರ್. ವಯಸ್ಸಾಯ್ತಲ್ಲ, ಕಣ್ಣು ಮಂಜಾಗ್ತದೆ.”

ಅದೇ ತಿಂಗಳು ನಾನು ಕಣ್ಣು ಪರೀಕ್ಷೆ ಮಾಡಿಸಿದ್ದೆ. ದೋಷವಿರಲಿಲ್ಲ.

ಅವನು ಮದುವೆಗೆಂದು ಊರಿಗೆ ಹೋಗಿದ್ದ ಭಾನುವಾರ ನಾನೂ ನನ್ನ ಹೆಂಡತಿಯೂ ಅಳತೆ ಟೇಪು ಹಿಡಿದು ಹೊರಗೆ ಬಂದೆವು. ಟೇಪಿನ ಇನ್ನೊಂದು ತುದಿಯನ್ನು ಹಿಡಿದಿದ್ದ ಅವಳು, “ಮದುವೆಯಾದಾಗಿನಿಂದ ನನ್ನನ್ನ ಎಲ್ಲಿಗೂ ಕರ್ಕೊಂಡ್ ಹೋಗಿಲ್ಲ ಅಂತಿದ್ದೆ, ಕೊನೆಗೂ ಫುಟ್‌ಪಾತಿಗೆ ಕರ್ಕೊಂಡ್ ಬಂದ್ರಿ,” ಎಂದಳು. ರ‍್ಯಾಂಪಿನ ಉದ್ದ, ಅಗಲ, ಎತ್ತರ, ಎರಡು ಮೆಟ್ಟಿಲು, ಐದು ಹೂಕುಂಡ: ಎಲ್ಲವನ್ನೂ ಅಂಗುಲದವರೆಗೆ ಬರೆದುಕೊಂಡೆ. ಆಮೇಲೆ ಮೂರು ಪುಟದ ಅರ್ಜಿ ಸಿದ್ಧವಾಯಿತು. ಪಾದಚಾರಿಯ ಹಕ್ಕು, ನಾಗರಿಕ ಪ್ರಜ್ಞೆಯ ಅಧಃಪತನ, ಹಿರಿಯ ನಾಗರಿಕರ ಮೂಳೆಗಳ ಸ್ಥಿತಿ, ಎಲ್ಲವೂ ತಕ್ಕ ಕ್ರಮದಲ್ಲಿ ಬಂದವು. ನಾನು ಬರೆದ ಅತ್ಯುತ್ತಮ ಅರ್ಜಿ ಅದು ಎಂದು ಈಗಲೂ ಭಾವಿಸುತ್ತೇನೆ.

ಒಂದು ತೊಡಕು ಮಾತ್ರ ಉಳಿದಿತ್ತು: ಆ ಒರಳುಕಲ್ಲು. ಅದೂ ಕಾಲುದಾರಿಯ ಮೇಲೆಯೇ ಇತ್ತು. ಅದೂ ಹೋಗಬೇಕೆಂಬ ಆಸೆ ನನಗಿತ್ತು. ನಮ್ಮ ಮನೆಯ ಮೇಲಿನ ಆ ಕಣ್ಗಾವಲು ಅಷ್ಟು ಸಾಕಾಗಿತ್ತು. ಆದರೆ ‘ನೆರೆಮನೆಯ ವೃದ್ಧೆ ಕೂರುವ ಕಲ್ಲು’ ಎಂದು ಸರ್ಕಾರಿ ಕಾಗದದಲ್ಲಿ ಬರೆದರೆ ಓದಿದವರು ನನ್ನ ಬಗ್ಗೆ ಏನೆಂದುಕೊಂಡಾರು? ಬರೆಯಲು ನಾಚಿಕೆ, ಬಿಡಲು ಮನಸ್ಸಿಲ್ಲ. ಕೊನೆಗೆ ಹೀಗೆ ಮುಗಿಸಿದೆ: ‘ಆದ್ದರಿಂದ ಸದರಿ ಕಾಲುದಾರಿಗೆ ಅಡ್ಡಿಯಾಗಿರುವ ಇಳಿಜಾರು, ಮೆಟ್ಟಿಲು, ಹೂಕುಂಡ ಇತ್ಯಾದಿಗಳನ್ನು ಕೂಡಲೇ ತೆರವುಗೊಳಿಸಬೇಕಾಗಿ ವಿನಂತಿ.’

ಸೋಮಾರಿಗಳಿಗೆ ಮಾತ್ರವಲ್ಲ, ಹೇಡಿಗಳಿಗೂ ಆ ಪದ ಒದಗಿಬರುತ್ತದೆಂದು ಅಂದು ತಿಳಿಯಿತು.

ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಗ್ಗೆ ಹತ್ತು ಗಂಟೆಗೆ ನಾನು ವರಾಂಡದಲ್ಲಿ ಪತ್ರಿಕೆ ಓದುತ್ತಿದ್ದಾಗ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಅರ್ಜಿಯನ್ನು ಹಿಡಿದಿದ್ದ ಮೇಲ್ವಿಚಾರಕ ಇಳಿದ. ಉತ್ತರ ಕರ್ನಾಟಕದ ಕಡೆಯ ಮನುಷ್ಯ, ಬೆಂಗಳೂರಿಗೆ ಹೊಸಬ. ನನ್ನ ಹೆಸರು ಕೇಳಿ ಖಚಿತಪಡಿಸಿಕೊಂಡು ಕೈಮುಗಿದ.

“ಏನ್ ಬರದೀರಿ ಸರ! ಕಚೇರಿಯೊಳಗ ಎಲ್ಲಾರೂ ಓದೀವ್ರಿ. ಮೂಳಿ ವಿಷಯ ಓದಿ ನಮ್ಮ ಟೈಪಿಸ್ಟ್ ಹುಡುಗಿ ಕಣ್ಣೀರ ಹಾಕಿದ್ಳು.”

ಸಂತೋಷವಾಯಿತೆಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಒಳಗೆ ಹೋಗಿ ಹೆಂಡತಿಗೆ ಕಾಫಿ ಮಾಡಲು ಹೇಳಿ ಹೊರಗೆ ಬಂದೆ. ಅಷ್ಟರಲ್ಲಿ ಒಬ್ಬ ಆಳು ನನ್ನ ಕಲ್ಲುಕಟ್ಟೆಯ ಮೇಲೆ ಕಾಲಿಟ್ಟು ಮರ ಹತ್ತುತ್ತಿದ್ದ. ಇನ್ನೊಬ್ಬ ಕೆಳಗಿನಿಂದ ಹಗ್ಗ ಎಸೆಯುತ್ತಿದ್ದ.

“ಅಲ್ಲಿ ಅಲ್ಲಪ್ಪಾ. ರ‍್ಯಾಂಪ್ ಆ ಕಡೆ,” ಎಂದೆ.

“ರ‍್ಯಾಂಪ್ ಸೋಮವಾರ್ರಿ. ಒಡಿಯೂ ಮಂದಿ ಇವತ್ತ ಸಿಗಲಿಲ್ಲ. ಗರಗಸದ ಮಂದಿ ಸಿಕ್ಕಾರ. ಅದಕ್ಕ ಮೊದಲ ಮರ.”

“ಮರ ಎಂದು ನಾನು ಎಲ್ಲಿ ಬರೆದಿದ್ದೇನೆ?”

ಅವನು ಕವರಿನ ಮೇಲೆಯೇ ಬೆರಳಿಟ್ಟು ತೋರಿಸಿದ. “ಇಲ್ರಿ. ಇತ್ಯಾದಿ. ಸ್ಥಳ ನೋಡಾಕ ಬಂದಾಗ ಸಾಹೇಬ್ರು ಕೇಳಿದ್ರು, ಇತ್ಯಾದಿ ಅಂದ್ರ ಯಾವುವು ಅಂತ. ನೋಡಿದ್ವಿ. ಕಾಲ್ದಾರಿಯೊಳಗ ಎಲ್ಲಾಕಿಂತ ಅಡ್ಡ ಇರೂದು ಇದ ಮರ, ಇದರ ಕಟ್ಟಿ.”

ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಮರ ಸೇರಿ ಎಲ್ಲವನ್ನೂ ತೆರವುಗೊಳಿಸಿ’ ಎಂದು ಬರೆದು ಅಧಿಕಾರಿಯೊಬ್ಬರು ಸಹಿ ಮಾಡಿದ್ದರು. ನನ್ನ ಪ್ರಶ್ನೆಯನ್ನು ಕೊನೆಗೂ ಒಬ್ಬ ಅಧಿಕಾರಿ ಕೇಳಿದ್ದ. ಉತ್ತರ ಹೇಳಲು ನಾನು ಅಲ್ಲಿರಲಿಲ್ಲ.

ಗಲಾಟೆ ಕೇಳಿ ಪಕ್ಕದವನು ಲುಂಗಿಯಲ್ಲೇ ಹೊರಗೆ ಬಂದ. ಒರಳುಕಲ್ಲಿನ ಮೇಲಿದ್ದ ತಾಯಿಯನ್ನು ಎಬ್ಬಿಸಿ ಗೇಟಿನೊಳಕ್ಕೆ ಕೂರಿಸಿ, ಅರ್ಜಿಯನ್ನು ಇಸಿದುಕೊಂಡು ಮೂರು ಪುಟವನ್ನೂ ನಿಧಾನವಾಗಿ ಓದಿದ. ಅವನಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ.

“ನನ್ ಹೂಕುಂಡಾನೂ ಅಳ್ದಿದೀರಲ್ಲ ಸಾರ್! ಕೆಳಗಡೆ ಎಷ್ಟು, ಮೇಲ್ಗಡೆ ಎಷ್ಟು ಅಂತ ಬೇರೆಬೇರೆ!” ಅವನು ನನ್ನ ಕಟ್ಟೆಯತ್ತ ನೋಡಿದ. “ನಿಮ್ ಕಟ್ಟೆ ನಾಕಡಿ ಅಗಲ ಅದೆ. ಅದಕ್ಕೆ ಟೇಪ್ ಸಾಲ್ದಾಯ್ತಾ?”

ಅಳೆಯುವವನು ನಿಂತ ಜಾಗ ಟೇಪಿಗೆ ಸಿಗುವುದಿಲ್ಲ.

ನಾನು ಮೇಲ್ವಿಚಾರಕನ ಕಡೆಗೆ ತಿರುಗಿ ವಿವರಿಸತೊಡಗಿದೆ. “ನೋಡಿ, ಇತ್ಯಾದಿ ಎಂದರೆ ಅದರ ಹಿಂದೆ ಹೇಳಿದ ವಸ್ತುಗಳ ಜಾತಿಗೇ ಸೇರಿದ ಇತರ ವಸ್ತುಗಳು. ಇಳಿಜಾರು, ಮೆಟ್ಟಿಲು, ಹೂಕುಂಡ ಇವು ಮನುಷ್ಯ ಮಾಡಿದವು. ಮರ ಆ ಜಾತಿಯಲ್ಲ.”

“ಜಾತಿ ಮಾತ ತಗೀಬ್ಯಾಡ್ರಿ ಸರ,” ಅವನು ಗಾಬರಿಯಿಂದ ಸುತ್ತ ನೋಡಿದ. “ಸರ್ಕಾರಿ ಕೆಲಸದ ಮ್ಯಾಲ ಬಂದೀವಿ.”

“ಹಾಗಾದರೆ ಆ ಒಂದು ಪದವನ್ನು ಹೊಡೆದುಹಾಕಿ ಚಿಕ್ಕ ಸಹಿ ಮಾಡುತ್ತೇನೆ.”

“ಹಸಿರು ಶಾಯಿ ಬಿದ್ದ ಮ್ಯಾಲ ತಿದ್ದಂಗಿಲ್ರಿ. ಅರ್ಜಿ ಪೂರಾ ಹಿಂದ ತಗೋಬಹುದು, ಇಲ್ಲಾ ಬಿಡಬಹುದು. ನೀವ ಹೇಳ್ರಿ, ನೀವೂ ಕಚೇರಿಯೊಳಗ ಇದ್ದವ್ರು.”

ಅವನು ಹೇಳಿದ್ದು ಸರಿ. ಅದೇ ನಿಯಮವನ್ನು ಹೇಳಿ ನಾನು ಎಷ್ಟೋ ಜನರನ್ನು ಕಿಟಕಿಯಿಂದ ಹಿಂದಕ್ಕೆ ಕಳಿಸಿದ್ದೆ.

ವಿಷಯ ಇಷ್ಟಕ್ಕೆ ಬಂದು ನಿಂತಿತು. ಅರ್ಜಿ ಹಿಂತೆಗೆದುಕೊಂಡರೆ ಮರ ಉಳಿಯುತ್ತದೆ. ಅದರ ಜೊತೆಗೆ ರ‍್ಯಾಂಪೂ ಉಳಿಯುತ್ತದೆ. ಹಿಂತೆಗೆದುಕೊಳ್ಳದಿದ್ದರೆ ಸೋಮವಾರ ರ‍್ಯಾಂಪು ಒಡೆಯುತ್ತದೆ. ಆದರೆ ಒಡೆಯುವುದನ್ನು ನಾನು ಬಿಸಿಲಿನಲ್ಲಿ ನಿಂತು ನೋಡಬೇಕು. ಪರಿಸರದ ಕುರಿತು ಉದ್ಯಾನದಲ್ಲಿ ಎದ್ದುನಿಂತು ಮಾತಾಡಿದ್ದವನು ಆ ಕ್ಷಣದಲ್ಲೇ ಕಾಗದ ತನ್ನಿ ಎಂದು ಕೂಗಬೇಕಿತ್ತು. ನಾನು ಕೂಗಲಿಲ್ಲ. ಒಡೆದ ಹಾಲಿನ ಪ್ಯಾಕೆಟ್ಟು ಕಣ್ಣೆದುರಿಗೆ ಬಂತು. ಹೋಳಿಗೆ ಸಾರು ಬಂತು. ಏಳು ಸಲ ಕೇಳಿದ ರಾಗಿ ಹೊಲ ಬಂತು. ಹೊಂಗೆ ಬೇಗ ಬೆಳೆಯುವ ಮರ, ಇನ್ನೊಂದು ನೆಟ್ಟರಾಯಿತು ಎಂಬ ಒಂದು ಮಾತು ಕೂಡ ಮನಸ್ಸಿನ ಯಾವುದೋ ಮೂಲೆಯಿಂದ ಎದ್ದಿತು. ಅದನ್ನು ಹೇಳಿದ್ದು ನಾನೇ. ಬೇರೆ ಯಾರ ಮೇಲೂ ಹಾಕಲಾಗದು.

ಮೇಲೆ ಗರಗಸದ ಸದ್ದು ಶುರುವಾಗಿತ್ತು. ಮರದ ಹೊಟ್ಟು ನನ್ನ ಓದುವ ಕನ್ನಡಕದ ಮೇಲೆ ಬೀಳುತ್ತಿತ್ತು. ಮರವೋ ಗೆಲುವೋ ಎಂಬ ಪ್ರಶ್ನೆಗೆ ಉತ್ತರಿಸಲು ನನಗೆ ಒಂದು ಕೊಂಬೆಯಷ್ಟು ಕಾಲ ಬೇಕಾಯಿತು.

“ಸಾರ್, ಯೋಚ್ನೆ ಆಮೇಲ್ ಮಾಡಿ, ಕೊಂಬೆ ಬೀಳ್ತಾ ಅದೆ, ಈ ಕಡೆ ಬನ್ನಿ!” ಪಕ್ಕದವನು ನನ್ನ ತೋಳು ಹಿಡಿದು ಎಳೆದ. ನಮ್ಮ ವರಾಂಡದ ಮೇಲೆ ಚಾಚಿದ್ದ ಕೊಂಬೆ ಹಗ್ಗದ ಸಮೇತ ಬಂದು, ನಾನು ನಿಂತಿದ್ದ ಜಾಗದಲ್ಲಿ ಮಲಗಿತು. ಗೊಂಚಲು ಗೊಂಚಲು ಹಸಿ ಕಾಯಿ ರಸ್ತೆಯುದ್ದಕ್ಕೂ ಚದುರಿದವು. ಅದರಲ್ಲಿ ಕಾಗೆಯ ಗೂಡೊಂದು ಇತ್ತು. ಇಪ್ಪತ್ತು ವರ್ಷ ಆ ಕೊಂಬೆಯ ಕೆಳಗೆ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣು ಪರೀಕ್ಷೆ ಮಾಡಿಸಿದ್ದೆ ಎಂದು ಮೇಲೆ ಬರೆದಿದ್ದೇನೆ.

ಗೇಟಿನೊಳಗಿನಿಂದ ಅವನ ತಾಯಿ ಕೂಗಿದರು: “ಏ ಸಾಮಿ! ನಿನ್ ಕೈಗೆ ಪೆನ್ನು ಕೊಟ್ಟೋನ್ ಯಾರಪ್ಪ!”

ನನ್ನ ಹೆಂಡತಿ ಅಷ್ಟರಲ್ಲಿ ಕಾಫಿಯ ಬದಲು ಬಿಳಿ ಹಾಳೆಯನ್ನೂ ಪೆನ್ನನ್ನೂ ಹಿಡಿದು ಬಂದಿದ್ದಳು. “ತಗೊಳ್ರೀ. ಚಿಕ್ಕದಾಗಿ ಬರೀರಿ. ಪೀಠಿಕೆ ಗೀಠಿಕೆ ಹಾಕ್ಬೇಡಿ, ಅಷ್ಟರಲ್ಲಿ ಮರ ಇರಲ್ಲ.”

ಬರೆಯಲು ಆಸರೆ ಬೇಕಿತ್ತು. ಪಕ್ಕದವನು ತನ್ನ ಕಾರಿನ ಬಾನೆಟ್ಟನ್ನು ಲುಂಗಿಯ ಅಂಚಿನಿಂದ ಒರೆಸಿ, “ಇದರ್ ಮೇಲೆ ಬರೀರಿ ಸಾರ್,” ಎಂದ. ಎರಡು ಸಾಲು ಬರೆದೆ. ಮೇಲ್ವಿಚಾರಕ ಓದಿ ತಲೆಯಾಡಿಸಿದ.

“ಕಾರಣ ಬೇಕ್ರಿ ಸರ. ಕಾರಣ ಇಲ್ಲದ ಹಿಂದ ತಗೊಂಡ್ರ ಸಾಹೇಬ್ರು ಬೈತಾರ.”

ಪಕ್ಕದವನು ಮುಗುಳ್ನಗುತ್ತ ನಿಂತಿದ್ದ. ನಾನು ಬರೆದೆ: ‘ಸದರಿ ವಿಷಯವು ನೆರೆಯವರೊಂದಿಗೆ ಸೌಹಾರ್ದಯುತವಾಗಿ ಇತ್ಯರ್ಥವಾಗಿರುವುದರಿಂದ.’ ನನ್ನ ಜೀವಮಾನದಲ್ಲಿ ನಾನು ಸಹಿ ಮಾಡಿದ ಏಕೈಕ ಸುಳ್ಳು ಅದು. ಸಾಕ್ಷಿಯಾಗಿ ಅವನೂ ಸಹಿ ಹಾಕಿದ.

ಆಳುಗಳು ಇಳಿದರು. ಬಿದ್ದ ಕೊಂಬೆಯನ್ನು ತುಂಡರಿಸಿ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊರಟರು. ಅವರು ತಿರುವು ದಾಟಿದ ಮೇಲೆ ಪಕ್ಕದವನು ಮರದ ಕಾಂಡವನ್ನು, ಎಮ್ಮೆಯ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದ.

“ಹೋಗ್ಲಿ ಬಿಡಿ ಸಾರ್. ನಮ್ಮ ಮರ ಉಳ್ಕಂತು.”

ಅವನು ‘ನಮ್ಮ’ ಎಂದಾಗ ತಿದ್ದಬೇಕೆನಿಸಿತು. ತಿದ್ದಲಿಲ್ಲ.

ಉಳಿದದ್ದು ಅವನ ಕಡೆಯ ಕೊಂಬೆ. ಅಂದರೆ ನೆರಳೆಲ್ಲ ಈಗ ಅವನ ಕಾರಿನ ಮೇಲೆ, ಅವನ ರ‍್ಯಾಂಪಿನ ಮೇಲೆ, ಅವನ ತಾಯಿಯ ಒರಳುಕಲ್ಲಿನ ಮೇಲೆ. ನಮ್ಮ ವರಾಂಡದಲ್ಲಿ ಎಂಟು ಗಂಟೆಗೇ ಬಿಸಿಲು ಬಂದು, ಪತ್ರಿಕೆಯ ಅಕ್ಷರ ಕಾಣದಷ್ಟು ಹೊಳೆಯುತ್ತದೆ. ಅವನು ಆಮೇಲೆ ರ‍್ಯಾಂಪಿನ ಕೆಳಗೆ ನೀರು ಹೋಗಲು ಪೈಪೊಂದನ್ನು ಹಾಕಿಸಿದ, ನಾನು ಕೇಳದೆಯೇ. ಅದರ ಅಗಲ ಒಂದು ಅಂಗುಲ ಸಾಲದು. ಹೇಳಿಲ್ಲ. ಎಷ್ಟೋ ಬೆಳಗ್ಗೆ ಪತ್ರಿಕೆ ಹಿಡಿದು ಆ ರ‍್ಯಾಂಪಿನ ಮೇಲೆ, ಆ ನೆರಳಿನಲ್ಲಿ ನಿಂತಿರುತ್ತೇನೆ. ಕೂತಿಲ್ಲ, ನಿಲ್ಲುವುದು ಬೇರೆ.

ಅರ್ಜಿಯ ಕಚೇರಿ ಪ್ರತಿ ನನ್ನ ಕಡತದಲ್ಲಿದೆ. ಅಂದೇ ಸಂಜೆ ಅದನ್ನು ತೆಗೆದು, ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಪಕ್ಕದಲ್ಲಿ ‘ಯಾವುವು?’ ಎಂದು ಬರೆದೆ. ಕರಡು ಹಿಂದಿರುಗಿಸಲು ಯಾರೂ ಇರಲಿಲ್ಲ.

ಒಂದು ತಿಂಗಳಾದ ಮೇಲೆ ಕೊಯ್ದ ಜಾಗದ ಸುತ್ತ ತಾಮ್ರದ ಬಣ್ಣದ ಚಿಗುರು ಕಾಣಿಸಿಕೊಂಡಿತು. ಮರುದಿನ ಹೆಂಡತಿ ಅಡಿಗೆಮನೆಯಲ್ಲಿ ಚೆಲ್ಲಲಿದ್ದ ನೀರನ್ನು ಬಕೆಟ್ಟಿಗೆ ಹಿಡಿದುಕೊಂಡು ಹೊರಗೆ ಬಂದೆ. ಒಂಬತ್ತಕ್ಕೆ ಮೊದಲೇ ಬಂದಿದ್ದೆ, ಯಾರೂ ನೋಡಬಾರದೆಂದು. ಒರಳುಕಲ್ಲಿನ ಮೇಲೆ ಅವನ ತಾಯಿ ಅಷ್ಟು ಹೊತ್ತಿಗೇ ಕೂತಿದ್ದರು.

“ಏನ್ ಸಾಮಿ ಅದು, ಬಕೀಟ್ನಾಗೆ?”

“ಅಕ್ಕಿ ತೊಳೆದ ನೀರು. ಬೇಳೆ ತೊಳೆದ ನೀರು. ಸೊಪ್ಪು ತೊಳೆದದ್ದು,” ಎಂದೆ. ಬಕೆಟ್ಟನ್ನು ಕೆಳಗಿಟ್ಟು, “ಪಾತ್ರೆ ತೊಳೆದದ್ದು,” ಎಂದೂ ಸೇರಿಸಿದೆ. ಪಟ್ಟಿ ಅಲ್ಲಿಗೆ ಮುಗಿಯಿತು.

“ಅಂಗ್ ಬಾ ದಾರಿಗೆ.” ಅವರು ಬಾಯೊಳಗಿನ ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದರು. ನಾನು ನೀರು ಸುರಿಯತೊಡಗಿದಾಗ ಕೇಳಿದರು: “ಆ ಅರ್ಜೀಲಿ ನನ್ ಕಲ್ಲೂ ಬರ್ದಿದ್ದಾ?”

ನಾನು ಬಕೆಟ್ಟಿನಿಂದ ಕಣ್ಣೆತ್ತಲಿಲ್ಲ. “ಕಲ್ಲಿನ ಹೆಸರು ಅದರಲ್ಲಿ ಎಲ್ಲೂ ಇಲ್ಲಮ್ಮ.”

ಅಕ್ಷರಶಃ ನಿಜ. ಸಹಿ ಮಾಡದ ಸುಳ್ಳುಗಳನ್ನು ಎಣಿಸುವುದಾದರೆ ಇದು ಮೊದಲನೆಯದು.

ಅವರು ಕಲ್ಲಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಒಂದು ಗೇಣು ಜಾಗ ಮಾಡಿ ಹೇಳಿದರು:

“ಬುಡಕ್ಕೆ ಸುರಿ ಸಾಮಿ. ಕಟ್ಟೆ ಕಲ್ಲಿಗೆ ಸುರಿದ್ರೆ ಕಲ್ಲೇನ್ ಚಿಗುರ್ತದಾ?”